ನಿಂತ ವಿಮಾನಕ್ಕೂ ಬಾಡಿಗೆ

2024 ಜನವರಿ 14, ಭಾನುವಾರ

ಕಂಪ್ಯೂಟರ್ ಆಟವೊಂದರಲ್ಲಿ ನಾನು ಕಟ್ಟುತ್ತಿರುವ ವಿಮಾನ ಸಂಸ್ಥೆ ಆರು ವಾರಗಳ ನಷ್ಟದ ನಂತರ ಇಂದು ಲಾಭ ತೋರಿಸಿತು. ಸಣ್ಣ ಮೊತ್ತವೇ, ಆದರೆ ಮನಸ್ಸು ತುಂಬಿ ಬಂತು.

ನಷ್ಟಕ್ಕೆ ಕಾರಣ ನನ್ನ ಆತುರ. ಮೂರು ಎಟಿಆರ್ 72 ಎಂಬ ಸಣ್ಣ ವಿಮಾನಗಳು ಹತ್ತಿರದ ಊರುಗಳ ನಡುವೆ ಚೆನ್ನಾಗಿ ದುಡಿಯುತ್ತಿದ್ದಾಗಲೇ ಎ330 ಎಂಬ ದೊಡ್ಡ ಏರ್‌ಬಸ್ ವಿಮಾನವೊಂದನ್ನು ಲೀಸ್‌ಗೆ, ಅಂದರೆ ಬಾಡಿಗೆಗೆ, ತಂದೆ. ವಾರಕ್ಕೆ ನಾಲ್ಕು ದಿನ ದೂರದ ಹಾರಾಟ. ಸೀಟುಗಳು ಭರ್ತಿಯಾಗುತ್ತಿದ್ದವು, ಅದನ್ನು ನೋಡಿಯೇ ಮೋಸಹೋದೆ. ದರ ಇಳಿಸಿ ತುಂಬಿಸಿದ ಸೀಟುಗಳು ಇಂಧನದ ಖರ್ಚನ್ನಷ್ಟೇ ಹೊರುತ್ತಿದ್ದವು. ಉಳಿದ ಮೂರು ದಿನ ವಿಮಾನ ಸುಮ್ಮನೆ ನಿಂತಿರುತ್ತಿತ್ತು. ಹಾರಿದರೂ ನಿಂತರೂ ಲೀಸ್ ಹಣ ಕಟ್ಟಲೇಬೇಕು. ಅದೊಂದಕ್ಕಾಗಿ ಬೇರೆ ಪೈಲಟ್‌ಗಳು, ಬೇರೆ ಬಿಡಿಭಾಗಗಳು.

ದಾರಿ ತೋರಿಸಿದ್ದು ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯ ಇತಿಹಾಸ. 1971ರಲ್ಲಿ ಹಾರಾಟ ಆರಂಭಿಸಿದ ಅದು, ಮರುವರ್ಷ ಹಣದ ಮುಗ್ಗಟ್ಟಿನಿಂದ ತನ್ನ ನಾಲ್ಕು ಬೋಯಿಂಗ್ 737ಗಳಲ್ಲಿ ಒಂದನ್ನು ಮಾರಿತು. ಆದರೆ ವೇಳಾಪಟ್ಟಿಯನ್ನು ಬಿಟ್ಟುಕೊಡಲಿಲ್ಲ. ಇಳಿದ ವಿಮಾನವನ್ನು 10 ನಿಮಿಷದಲ್ಲಿ ಮತ್ತೆ ಹೊರಡಿಸಿ, ನಾಲ್ಕರ ಕೆಲಸವನ್ನು ಮೂರರಿಂದಲೇ ಮಾಡಿಸಿತು. 1973ರಲ್ಲಿ ಲಾಭಕ್ಕೆ ಬಂತು. ನೆಲದ ಮೇಲಿನ ನಿಮಿಷಗಳಲ್ಲಿ ಒಂದು ವಿಮಾನವನ್ನೇ ಹುಡುಕಿ ತೆಗೆದ ಆ ಜನರ ಬಗ್ಗೆ ನನಗೆ ಅಪಾರ ಗೌರವ.

ದಂಡ ಕಟ್ಟಿ ಎ330 ಅನ್ನು ಹಿಂದಿರುಗಿಸಿದೆ. ಎಟಿಆರ್‌ಗಳು ನಿಲ್ದಾಣದಲ್ಲಿ ಕಳೆಯುತ್ತಿದ್ದ 50 ನಿಮಿಷವನ್ನು 35ಕ್ಕೆ ಇಳಿಸಿದೆ. ದಿನಕ್ಕೆ ಎಂಟು ಹಾರಾಟವೆಂದರೆ ಎರಡು ಗಂಟೆ ಕೈಗೆ ಬಂತು. ಸಂಜೆ ವ್ಯರ್ಥವಾಗುತ್ತಿದ್ದ ಸಮಯವನ್ನೂ ಸೇರಿಸಿದಾಗ ಪ್ರತಿ ವಿಮಾನಕ್ಕೆ ಇನ್ನೊಂದು ಸುತ್ತು ಸಿಕ್ಕಿತು. ಆ ಸುತ್ತಿಗೆ ಇಂಧನ ಬೇಕು, ಇಳಿಯುವ ಶುಲ್ಕ ಬೇಕು, ಆದರೆ ಲೀಸ್ ಒಂದು ಪೈಸೆಯೂ ಹೆಚ್ಚುವುದಿಲ್ಲ. ಲಾಭ ಹುಟ್ಟಿದ್ದು ಅಲ್ಲಿಯೇ.

ತೊಂದರೆ ಇಲ್ಲದಿಲ್ಲ. ಬುಧವಾರ ಬೆಳಗಿನ ಒಂದು ಹಾರಾಟ ತಡವಾದದ್ದಕ್ಕೆ ಅದೇ ವಿಮಾನದ ಮುಂದಿನ ಹಾರಾಟಗಳೆಲ್ಲ ತಡವಾದವು. ಹಾಗಾಗಿ ಮಧ್ಯಾಹ್ನ, ಪ್ರಯಾಣಿಕರು ಹೇಗೂ ಕಡಿಮೆ ಇರುವ ಹೊತ್ತಿನಲ್ಲಿ, 20 ನಿಮಿಷ ಬಿಡುವು ಇಟ್ಟಿದ್ದೇನೆ. ಬೆಳಿಗ್ಗೆ, ಸಂಜೆಯ ಟಿಕೆಟ್ ದರವನ್ನು ಸ್ವಲ್ಪ ಏರಿಸಿದೆ. ಕೆಲಸದ ಮೇಲೆ ಹೋಗುವವರು ಆ ಹೊತ್ತನ್ನು ಬಿಡುವುದಿಲ್ಲ.

ನಾಲ್ಕನೆಯ ಎಟಿಆರ್ ಲೀಸ್‌ಗೆ ಸಿಗುತ್ತಿದೆ. ಹೊಸ ಸಂಜೆಯ ಸುತ್ತು ಇನ್ನೂ ಎರಡು ವಾರ ಏರಿದ ದರದಲ್ಲೇ ತುಂಬಲಿ, ಆಮೇಲೆ ಸಹಿ ಹಾಕುತ್ತೇನೆ.