ನಿಮ್ಮನೇಲಿ ತನ್ನ ಪಾಡಿಗೆ ಆಡ್ಕೊಳುತ್ತೆ, ನಮ್ಮನೇಲಿ ಯಾಕೆ ಆಡಲ್ಲ?

ಬೆಂಗಳೂರಿನ ವಿಜಯನಗರದ ನಮ್ಮನೇಲಿ ಬೇಬಿ ಸಿಟ್ಟಿಂಗ್ ನಡೆಸ್ತೀನಿ, ಒಂದರಿಂದ ನಾಲ್ಕು ವರ್ಷದ ಮಕ್ಕಳು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋ ಮನೆಯವು. ಸಂಜೆ ಕರ್ಕೊಂಡು ಹೋಗೋಕೆ ಬಂದವರು ಚಪ್ಪಲಿ ಹಾಕ್ಕೊಳ್ತಾ ಹೆಚ್ಚುಕಮ್ಮಿ ಎಲ್ರೂ ಕೇಳೋದು ಇದನ್ನೇ: "ಆಂಟಿ, ಇಲ್ಲಿ ನೋಡಿದ್ರೆ ಅರ್ಧ ಗಂಟೆ ತನ್ನ ಪಾಡಿಗೆ ತಾನು ಆಡ್ಕೊಂಡಿರುತ್ತೆ, ಮನೇಲಿ ಒಂದು ಒಗ್ಗರಣೆ ಹಾಕೋಕೂ ಬಿಡಲ್ಲ, ಅದೇನ್ ಮಾಡ್ತೀರಾ?" ಬಾಗಿಲಲ್ಲಿ ನಿಂತು ಹೇಳಿ ಮುಗಿಯೋ ಉತ್ತರ ಅಲ್ಲ, ಅದಕ್ಕೆ ಇಲ್ಲಿ ಪೂರ್ತಿ ಬರೀತಿದ್ದೀನಿ.

ನಾನು ಮಗೂಗೆ ಏನೂ ಮಾಡಲ್ಲ, ಮಾಡಿರೋದೆಲ್ಲ ರೂಮಿಗೆ. ನಿಮ್ಮನೇಲಿ ಮಗು ಹತ್ತು ನಿಮಿಷ ಆಟಕ್ಕೆ ಕೂತ್ರೆ ಅಷ್ಟರಲ್ಲಿ ಎಷ್ಟು ಸಲ "ಅಯ್ಯೋ ಅದು ಬೇಡ ಪುಟ್ಟ", "ಮುಟ್ಬೇಡ", "ಬೀಳ್ತೀಯ", "ಬಾಯಿಗೆ ಹಾಕ್ಬೇಡ" ಅಂತೀರಿ ಅಂತ ಒಂದಿನ ಗಮನಿಸಿ ನೋಡಿ. ಪ್ರತಿ ಸಲಾನೂ ಅದರ ಗಮನ ಆಟದಿಂದ ಕಿತ್ಕೊಂಡು ನಮ್ಮ ಕಡೆ ಬರುತ್ತೆ, ಸ್ವಲ್ಪ ದಿನಕ್ಕೆ ಇಲ್ಲಿ ಏನ್ ಮಾಡೋಕೂ ಅಮ್ಮನ ಮುಖ ನೋಡ್ಬೇಕು ಅಂತ ಅದಕ್ಕೆ ಅಭ್ಯಾಸ ಆಗ್ಬಿಡುತ್ತೆ, ಆಮೇಲೆ ಸೆರಗು ಹಿಡ್ಕೊಂಡೇ ಓಡಾಡುತ್ತೆ. ಹಾಗಾಗಿ ಮೊದಲು ಬೇಕಾಗಿರೋದು "ಬೇಡ" ಅಂತ ಹೇಳೋ ಅವಶ್ಯಕತೆನೇ ಬರದ ಒಂದು ಜಾಗ. ಇಡೀ ಮನೇನ ಹಾಗೆ ಮಾಡೋಕಾಗಲ್ಲ, ಅದರಲ್ಲೂ ಅಜ್ಜಿ ತಾತ ಎಲ್ಲ ಇರೋ ಟೂ ಬಿಎಚ್‌ಕೆಯಲ್ಲಿ ಖಂಡಿತ ಆಗಲ್ಲ. ಒಂದು ರೂಮು, ಅದೂ ಇಲ್ಲಾಂದ್ರೆ ಹಾಲ್‌ನ ಒಂದು ಮೂಲೆಗೆ ಸೇಫ್ಟಿ ಗೇಟ್ ಹಾಕಿದ್ರೂ ಸಾಕು.

ಆ ಜಾಗ ಸರಿಯಾಗಿದ್ಯಾ ಅಂತ ನೋಡೋಕೆ ಮ್ಯಾಗ್ಡಾ ಗರ್ಬರ್ ಹೇಳ್ತಿದ್ದ ಪರೀಕ್ಷೆ ನನಗೆ ತುಂಬಾ ಇಷ್ಟ. ಹಂಗೇರಿಯವರು, ಆಮೇಲೆ ಅಮೆರಿಕದಲ್ಲಿ ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರಿಗೆ ಕಲಿಸ್ತಿದ್ರು. ನೀವು ಹೊರಗೆ ಹೋದಾಗ ಬಾಗಿಲು ಲಾಕ್ ಆಗ್ಬಿಡ್ತು, ಒಳಗೆ ಬರೋಕೆ ಆಗ್ಲಿಲ್ಲ ಅಂದ್ಕೊಳ್ಳಿ, ಕೊನೆಗೆ ಬಂದು ನೋಡಿದಾಗ ಮಗು ಅಳ್ತಿರ್ಬಹುದು, ಹಸಿದಿರ್ಬಹುದು, ಡೈಪರ್ ಒದ್ದೆ ಆಗಿರ್ಬಹುದು, ಆದ್ರೆ ಏಟಾಗಿರ್ಬಾರದು. ಇದು ರೂಮನ್ನ ಅಳೆಯೋಕೆ ಮಾತ್ರ, ಬಿಟ್ಟು ಹೋಗೋಕೆ ಪರ್ಮಿಷನ್ ಅಲ್ಲ. ಮಕ್ಕಳು ಆಡ್ತಿರೋವಾಗ ನಾನು ಯಾವಾಗ್ಲೂ ಕಣ್ಣಿಗೆ ಕಾಣೋಷ್ಟು, ಕಿವಿಗೆ ಕೇಳೋಷ್ಟು ದೂರದಲ್ಲೇ ಇರ್ತೀನಿ.

ಈಗ ನೆಲದ ಮೇಲೆ ಕೂತ್ಕೊಂಡು, ಆಗೋದಾದ್ರೆ ಅಂಬೆಗಾಲಿಟ್ಟು, ಆ ಜಾಗ ಪೂರ್ತಿ ಸುತ್ತಿ. ದಿವಾನ್ ಕೆಳಗೆ ಬಿದ್ದಿರೋ ನಾಣ್ಯ, ಸೋಫಾ ಹಿಂದಿನ ಚಾರ್ಜರ್ ವೈರು, ನೇತಾಡ್ತಿರೋ ಕರ್ಟನ್ ಹಗ್ಗ, ಟೇಬಲ್ ಮೇಲಿಂದ ಇಳಿದಿರೋ ಬಟ್ಟೆ, ಎಲ್ಲ ಅಲ್ಲಿಂದ್ಲೇ ಕಾಣೋದು. ಮೂರು ವರ್ಷದ ಒಳಗಿನ ಮಕ್ಕಳ ಆಟದ ಸಾಮಾನಿಗೆ ಒಂದು ಅಳತೆ ಇದೆ, 3.17 ಸೆಂಟಿಮೀಟರ್ ಅಗಲದ ಚಿಕ್ಕ ಕೊಳವೆ, ಅದರೊಳಗೆ ಪೂರ್ತಿ ಇಳಿಯೋದೇನೇ ಇದ್ರೂ ಗಂಟಲಲ್ಲಿ ಸಿಕ್ಕಾಕೊಳ್ಳೋ ಸಾಮಾನು ಅಂತ ಲೆಕ್ಕ. ನಮ್ಮ ಹತ್ತು ರೂಪಾಯಿ ನಾಣ್ಯ 2.7 ಸೆಂಟಿಮೀಟರ್, ಅಂದ್ರೆ ಅದೂ ಇಳಿಯುತ್ತೆ.

ಎಲ್ಲಕ್ಕಿಂತ ಭಯ ಪಡ್ಬೇಕಾಗಿರೋದು ಬಟನ್ ಸೆಲ್‌ಗೆ, ಅಂದ್ರೆ ನಾಣ್ಯದ ಥರ ಚಪ್ಪಟೆಯಾಗಿರೋ ಚಿಕ್ಕ ಬ್ಯಾಟರಿಗೆ. ಎಷ್ಟೋ ಚಿಕ್ಕ ರಿಮೋಟು, ತೂಕದ ಮೆಷಿನ್ನು, ದೀಪಾವಳಿಗೆ ತರೋ ಚಿಕ್ಕ ಎಲೆಕ್ಟ್ರಿಕ್ ದೀಪ, ಜಾತ್ರೇಲಿ ಸಿಗೋ ಮಿಣಮಿಣ ಲೈಟಿನ ಆಟಿಕೆ, ಎಲ್ಲದರಲ್ಲೂ ಇರುತ್ತೆ. ನುಂಗಿ ಅನ್ನನಾಳದಲ್ಲಿ ಸಿಕ್ಕಾಕೊಂಡ್ರೆ ಅಲ್ಲಿನ ತೇವಕ್ಕೆ ಕರೆಂಟ್ ಹರಿದು ಕ್ಷಾರ ಉತ್ಪತ್ತಿ ಆಗುತ್ತೆ, ಎರಡೇ ಗಂಟೇಲಿ ಒಳಗಡೆ ಸುಟ್ಟು ಗಾಯ ಆಗ್ಬಹುದು, ಹೊರಗಡೆ ಬರೀ ಜೊಲ್ಲು, ಕೆಮ್ಮು ಅಷ್ಟೇ ಕಾಣ್ಬಹುದು. ಅನುಮಾನ ಬಂದ್ರೂ ಸಾಕು, ವಾಂತಿ ಮಾಡಿಸೋಕೆ ಹೋಗ್ಬೇಡಿ, ನಾಳೆ ನೋಡೋಣ ಅಂತ ಕೂರ್ಬೇಡಿ, ಎಂಡೋಸ್ಕೋಪಿ ಇರೋ ದೊಡ್ಡ ಆಸ್ಪತ್ರೆಗೆ ಓಡಿ. ಸೆಲ್ ಇರೋ ಜಾಗದ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಯಾವ ಆಟಿಕೇನೂ ನಮ್ಮನೆ ಒಳಗೆ ಬರಲ್ಲ, ತಾತ ಪ್ರೀತಿಯಿಂದ ಕೊಡಿಸಿದ್ದೇ ಆಗಿದ್ರೂ.

ದೇವರ ಮನೆ ಬಗ್ಗೆ ಯಾರೂ ಯೋಚನೆ ಮಾಡಲ್ಲ. ದೀಪ, ಬೆಂಕಿಪೊಟ್ಟಣ ಸರಿ, ಅವು ಎಲ್ಲರಿಗೂ ಗೊತ್ತು, ಆದ್ರೆ ಕರ್ಪೂರ? ನೋಡೋಕೆ ಕಲ್ಲುಸಕ್ಕರೆ ಥರಾನೇ ಇರುತ್ತೆ, ಚಿಕ್ಕ ಮಕ್ಕಳು ಸ್ವಲ್ಪ ತಿಂದ್ರೂ ಫಿಟ್ಸ್ ಬರ್ಬಹುದು. ಬೀರುವಿನ ನುಸಿ ಗುಳಿಗೆ, ಸ್ವಿಚ್ಚಿಗೆ ಹಾಕೋ ಸೊಳ್ಳೆ ಲಿಕ್ವಿಡ್, ಬಾತ್‌ರೂಮಿನ ಆಸಿಡ್, ಅಜ್ಜಿಯ ಬಿಪಿ ಮಾತ್ರೆ, ಇವೆಲ್ಲ ಎತ್ತರದಲ್ಲಿ, ಬೀಗದೊಳಗೆ. ಆಸಿಡ್ಡು, ಫಿನಾಯಿಲ್‌ನ ಯಾವತ್ತೂ ಹಳೇ ಜ್ಯೂಸ್ ಬಾಟಲಿಗೆ ಹಾಕಿಡ್ಬೇಡಿ ದಯವಿಟ್ಟು.

ನೀರು ಅಂದ್ರೆ ಬೆಂಗಳೂರಲ್ಲಿ ಬೇರೆಯೇ ಕಥೆ. 2024ರ ಬೇಸಿಗೇಲಿ ಎಷ್ಟೋ ಬೋರ್‌ವೆಲ್‌ಗಳು ಬತ್ತಿಹೋದಾಗ ಎಷ್ಟೋ ಮನೆ ಯುಟಿಲಿಟಿಗೆ ಡ್ರಮ್ ಬಂತು, ಬಾತ್‌ರೂಮಲ್ಲಿ ಎರಡೆರಡು ಬಕೆಟ್ ತುಂಬಿಡೋ ಅಭ್ಯಾಸ ಆಯ್ತು, ಇವತ್ತಿಗೂ ಹೋಗಿಲ್ಲ. ಚಿಕ್ಕ ಮಕ್ಕಳಿಗೆ ತಲೆ ಭಾರ, ಬಗ್ಗಿ ಬಿದ್ರೆ ಮೇಲೆ ಏಳೋಕಾಗಲ್ಲ, ಮುಳುಗೋಕೆ ಎರಡಿಂಚು ನೀರು ಸಾಕು, ಮತ್ತೆ ಒಂಚೂರೂ ಸದ್ದು ಬರಲ್ಲ. ಖಾಲಿ ಬಕೆಟ್ ಬೋರಲು ಹಾಕಿ, ತುಂಬಿದ್ದಕ್ಕೆ ಮುಚ್ಚಳ ಹಾಕಿ, ಬಾತ್‌ರೂಮ್ ಬಾಗಿಲಿಗೆ ಹೊರಗಡೆ ಮೇಲ್ಗಡೆ ಒಂದು ಚಿಲಕ ಹಾಕಿಸಿ. ಗೇಟ್ ಹತ್ರ ಸಂಪ್ ಇದ್ರೆ ಅದರ ಮುಚ್ಚಳಕ್ಕೆ ಬೀಗ. ಟ್ಯಾಂಕರ್ ಬಂದು ಹೋದ್ಮೇಲೆ ಬೀಗ ಹಾಕಿದ್ದಾರಾ ಅಂತ ನೀವೇ ಹೋಗಿ ನೋಡಿ. ಬಾಗಿಲುಗಳ ಒಳಗಡೆ ಮಗು ಕೈಗೆ ಎಟುಕೋ ಬೋಲ್ಟುಗಳನ್ನ ಬಿಚ್ಚಿಸಿಬಿಡಿ, ಇಲ್ಲಾಂದ್ರೆ ಒಂದಲ್ಲ ಒಂದು ದಿನ ಒಳಗಿಂದ ಹಾಕ್ಕೊಂಡು ಅಳುತ್ತೆ.

ಬೀರು, ಪುಸ್ತಕದ ಶೆಲ್ಫು, ಡ್ರಾಯರ್ ಇರೋ ಚೆಸ್ಟು, ಮೂರನ್ನೂ ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸ್ಬೇಕು. ಡ್ರಾಯರ್‌ಗಳನ್ನ ಎಳ್ಕೊಂಡು ಅದರ ಮೇಲೆ ಹತ್ತೋದು ಮಕ್ಕಳ ಸ್ವಭಾವ, ಆಗ ಪೂರ್ತಿ ಚೆಸ್ಟೇ ಮೇಲೆ ಬೀಳುತ್ತೆ. ಹೀಗೆ ಮಕ್ಕಳು ಸತ್ತಿದ್ದಕ್ಕೇ 2016ರಲ್ಲಿ ಫರ್ನಿಚರ್ ಕಂಪನಿ ಐಕಿಯಾ ಅಮೆರಿಕದಲ್ಲಿ ಸುಮಾರು 2.9 ಕೋಟಿ ಚೆಸ್ಟುಗಳನ್ನ ರೀಕಾಲ್ ಮಾಡ್ಬೇಕಾಯ್ತು. ಬಾಡಿಗೆ ಮನೆ, ಓನರ್ ಡ್ರಿಲ್ ಹೊಡಿಯೋಕೆ ಬಿಡಲ್ಲ ಅಂತಾರೆ ಅನ್ನೋದು ನಾನು ತುಂಬಾ ಕೇಳೋ ಮಾತು, ನನ್ನ ಪ್ರಕಾರ ಆ ಎರಡು ತೂತಿಗೆ ಅಡ್ವಾನ್ಸಲ್ಲಿ ಹಿಡ್ಕೊಂಡ್ರೂ ಪರವಾಗಿಲ್ಲ, ಹಾಕಿಸಿ. ಆಗಲ್ವಾ, ಆ ರೂಮಿಂದ ಎತ್ತರದ ಸಾಮಾನೆಲ್ಲ ಹೊರಗೆ.

ಕಿಟಕಿ ಕೆಳಗೆ ಮಂಚ, ಬಾಲ್ಕನಿಯಲ್ಲಿ ಕುರ್ಚಿ ಅಥವಾ ದೊಡ್ಡ ಪಾಟು, ಇವು ಹತ್ತೋಕೆ ಮೆಟ್ಟಿಲಾಗುತ್ತೆ. ಗ್ರಿಲ್ ಕಂಬಿಗಳ ನಡುವೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು ಇರ್ಬಾರದು. ಹೊಸ ಅಪಾರ್ಟ್‌ಮೆಂಟಲ್ಲಿ ನೋಡೋಕೆ ಚೆನ್ನಾಗಿರಲಿ ಅಂತ ಬಾಲ್ಕನಿಗೆ ಬರೀ ಗಾಜು ಹಾಕಿರ್ತಾರೆ, ಅಂಥಲ್ಲಿ ತೆಳು ಸ್ಟೀಲ್ ತಂತಿಯ ಇನ್‌ವಿಸಿಬಲ್ ಗ್ರಿಲ್ ಹಾಕಿಸಿದ್ದರೂ ಮಗೂನ ಒಂದನ್ನೇ ಬಿಡೋದು ಬೇಡ. ಕರೆಂಟಿಗೆ ಸಾಕೆಟ್ ಕವರ್ ಹಾಕೋದು ಒಳ್ಳೇದೇ, ಆದ್ರೆ ಅದಕ್ಕಿಂತ ಮುಖ್ಯ ಮೇನ್ ಬೋರ್ಡಲ್ಲಿ 30 ಮಿಲಿ ಆಂಪಿಯರ್‌ದು ಆರ್‌ಸಿಸಿಬಿ, ಅಂದ್ರೆ ಶಾಕ್ ಹೊಡೆದ್ರೆ ತಕ್ಷಣ ಕರೆಂಟ್ ಕಟ್ ಮಾಡೋ ಸ್ವಿಚ್ಚು, ಇದ್ಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ನೋಡಿಸೋದು.

ವಾಕರ್ ಕೊಡಿಸ್ಲಾ ಅಂತ ಕೇಳ್ತಾರೆ, ಬೇಡ. ಕೆನಡಾದಲ್ಲಿ 2004ರಿಂದ ಅದನ್ನ ಮಾರೋಕೇ ಬಿಡಲ್ಲ. ಕೂರೋಕೆ ಬರದ ಮಗೂನ ದಿಂಬು ಕೊಟ್ಟು ಕೂರಿಸೋದು, ನಿಲ್ಲೋಕೆ ಬರದ್ದನ್ನ ಚಕ್ರದ ಮೇಲೆ ನಿಲ್ಲಿಸೋದು, ಎರಡರಲ್ಲೂ ಮಗು ತಾನೇ ಹೋಗಿ ತಾನೇ ವಾಪಸ್ ಬರೋಕಾಗದ ಸ್ಥಿತಿಗೆ ಸಿಗುತ್ತೆ. ಗರ್ಬರ್‌ಗೆ ಗುರುವಾಗಿದ್ದ ಬುಡಾಪೆಸ್ಟಿನ ಮಕ್ಕಳ ಡಾಕ್ಟರ್ ಎಮ್ಮಿ ಪಿಕ್ಲರ್ ಇದನ್ನೇ ಒತ್ತಿ ಹೇಳ್ತಿದ್ರು, ನೆಲದ ಮೇಲೆ ಬಿಡಿ, ತಾನೇ ಹತ್ತಿದ್ದನ್ನ ತಾನೇ ಇಳಿಯೋಕೆ ಕಲಿಯುತ್ತೆ ಅಂತ. ನಾನು ದಿನಾ ನೋಡೋದೂ ಅದನ್ನೇ.

ಆಟಿಕೆ ಕಮ್ಮಿ ಇಡಿ. ಕೆಳಗಿನ ಶೆಲ್ಫಲ್ಲಿ ನಾಲ್ಕೈದು, ಉಳಿದಿದ್ದು ಸಜ್ಜೆ ಮೇಲೆ, ವಾರಕ್ಕೊಂದ್ಸಲ ಬದಲಾಯಿಸಿ. 2021ರ ಜನವರಿಯಿಂದ ನಮ್ಮಲ್ಲಿ ಆಟಿಕೆಗೆ ಐಎಸ್‌ಐ ಮಾರ್ಕ್ ಕಡ್ಡಾಯ, ಅಂಗಡೀಲಿ ಕೊಳ್ಳೋವಾಗ ಅದನ್ನ ಹುಡುಕಿ. ಚನ್ನಪಟ್ಟಣದ ಗೊಂಬೆಗಳು ನನಗೆ ಇಷ್ಟ, ಆಲೆ ಮರ, ಅರಗು, ಗಿಡಮೂಲದ ಬಣ್ಣ, ಆದ್ರೆ ಚಿಕ್ಕ ಚಿಕ್ಕ ಮಣಿ ಇರೋದನ್ನ ಮೂರು ವರ್ಷ ಆಗೋ ತನಕ ಕೊಡಲ್ಲ. ಸ್ಟೀಲ್ ಲೋಟ, ಮುಚ್ಚಳ, ಮರದ ಸೌಟು ಕೊಟ್ಟು ನೋಡಿ, ಎಷ್ಟೊತ್ತು ಕೂರುತ್ತೆ ಅಂತ. ಆಡೋ ಜಾಗದಲ್ಲಿ ತಿಂಡಿ ಮಾತ್ರ ಬೇಡ, ಓಡಾಡ್ತಾ ತಿಂದ್ರೆ ಗಂಟಲಲ್ಲಿ ಸಿಕ್ಕಾಕೊಳ್ಳೋ ಅಪಾಯ ಜಾಸ್ತಿ. ಬಸವನಗುಡಿ ಪರಿಷೆ ಕಡಲೆಕಾಯಿ ಮನೆಗೆ ಬಂದಾಗ, ಸಂಕ್ರಾಂತಿ ಎಳ್ಳುಬೆಲ್ಲ ಬೀರೋವಾಗ, ನಾಲ್ಕೈದು ವರ್ಷ ಆಗೋ ತನಕ ಇಡೀ ಕಡಲೆಬೀಜ ಮಗು ಕೈಗೆ ಕೊಡ್ಬೇಡಿ.

ಇನ್ನು ಶುರು ಮಾಡೋದು. ಜಾಗ ರೆಡಿ ಆದ ತಕ್ಷಣ ಮಗೂನ ಒಳಗೆ ಬಿಟ್ಟು ಗೇಟ್ ಹಾಕಿದ್ರೆ ಅದಕ್ಕೆ ಜೈಲ್ ಅನ್ಸುತ್ತೆ. ಮೊದಮೊದಲು ನೀವೂ ಒಳಗೆ ಕೂತ್ಕೊಳ್ಳಿ, ಫೋನ್ ಬೇಡ, "ಹಾಗಲ್ಲ ಹೀಗೆ ಜೋಡಿಸು" ಅಂತ ಹೇಳೋದೂ ಬೇಡ, ಸುಮ್ನೆ ನೋಡ್ತಾ ಇರಿ. ಆಟದಲ್ಲಿ ಮುಳುಗಿದೆ ಅನ್ಸಿದಾಗ "ಕುಕ್ಕರ್ ಆಫ್ ಮಾಡಿ ಬರ್ತೀನಿ" ಅಂತ ಹೇಳಿ ಎದ್ದೋಗಿ, ಕಳ್ಳತನದಲ್ಲಿ ಜಾರ್ಕೋಬೇಡಿ, ಅಳ್ತಾ ಇದ್ರೂ ಹೇಳೇ ಹೋಗಿ, ಹೇಳಿದ ಹಾಗೇ ವಾಪಸ್ ಬನ್ನಿ. ಒಂದು ವರ್ಷದ ಮಗು ಐದು ನಿಮಿಷ ಕೂತ್ರೆ ಅದೇ ಜಾಸ್ತಿ. ಹಸಿವಾಗಿದ್ದಾಗ, ನಿದ್ದೆ ಬಂದಾಗ ಯಾವ ಮಗೂನೂ ಕೂರಲ್ಲ, ಆಗ ಎತ್ಕೊಳ್ಳೋದೇ ಸರಿ, ಒಗ್ಗರಣೆ ಆಮೇಲೆ ಹಾಕಿದ್ರಾಯ್ತು.