‘ಪೆಟ್ಸ್ ಅಲೋಡ್’ ಅಂದರೆ ರಾತ್ರಿಯ ಮಾತು, ಹಗಲಿನದಲ್ಲ

ಅಮೆರಿಕದ ಕ್ಯಾಂಪ್‌ಗ್ರೌಂಡ್ ಬುಕ್ ಮಾಡುವಾಗ ‘ಪೆಟ್ಸ್ ಅಲೋಡ್’ ಎಂದು ಕಂಡರೆ ಅದರಿಂದ ಖಾತ್ರಿಯಾಗುವುದು ಒಂದೇ: ನಿಮ್ಮ ನಾಯಿ ರಾತ್ರಿ ಅಲ್ಲಿ ಮಲಗಬಹುದು. ಬೆಳಿಗ್ಗೆ ಹತ್ತಕ್ಕೆ ಮಕ್ಕಳು ಜಲಪಾತ ನೋಡಲು ಹೊರಟು ನಿಂತಾಗ ನಾಯಿ ಎಲ್ಲಿರಬೇಕು? ಜಾಗ ಆರಿಸಬೇಕಾದ್ದು ಈ ಪ್ರಶ್ನೆ ಹಿಡಿದು. ಈಜುಕೊಳ, ಆಟದ ಮೈದಾನ, ವೈಫೈ ಎಲ್ಲ ಆಮೇಲೆ.

ನ್ಯಾಷನಲ್ ಪಾರ್ಕುಗಳಲ್ಲಿ ನಾಯಿಗೆ ಕಟ್ಟಿ ಹಿಡಿಯುವ ಹಗ್ಗ (ಲೀಶ್) 6 ಅಡಿ ಮೀರುವಂತಿಲ್ಲ. ಕಟ್ಟಿಹಾಕಿ ಬಿಟ್ಟುಹೋಗುವುದೂ ನಿಷಿದ್ಧ. ಇದು ದೇಶಕ್ಕೆಲ್ಲ ಒಂದೇ ನಿಯಮ. ಅಲ್ಲಿಂದ ಮುಂದೆ ಮಾತ್ರ ಒಂದೊಂದು ಪಾರ್ಕಿನದು ಒಂದೊಂದು ದಾರಿ. ಯೊಸೆಮಿಟಿಯಲ್ಲಿ ಬಹುತೇಕ ಕ್ಯಾಂಪ್‌ಗ್ರೌಂಡುಗಳಿಗೆ ನಾಯಿ ಬರಬಹುದು, ಆದರೆ ಡಾಂಬರು ದಾರಿ ಬಿಟ್ಟು ಮಿಸ್ಟ್ ಟ್ರೇಲ್ ಥರದ ಹಾದಿ ಹತ್ತುವಂತಿಲ್ಲ, ಶಟಲ್ ಬಸ್ಸನ್ನೂ ಏರುವಂತಿಲ್ಲ. ಝಯಾನ್‌ನಲ್ಲಿ ನಾಯಿಗೆ ತೆರೆದಿರುವುದು ಪಾರಸ್ ಟ್ರೇಲ್ ಒಂದೇ. ಯೆಲ್ಲೊಸ್ಟೋನ್‌ನಲ್ಲಿ ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡುಗಳಿಂದ 100 ಅಡಿಯಾಚೆಗೆ ಹೋಗುವ ಹಾಗಿಲ್ಲ. ಬಿಸಿನೀರ ಬುಗ್ಗೆಗಳ ಬಳಿಯ ಮರದ ಹಲಗೆಯ ಕಾಲುದಾರಿಯಂತೂ ದೂರದ ಮಾತು.

ಮೊದಲ ಸಲ ಹೊರಡುವವರಿಗೆ ನಮ್ಮ ಸಲಹೆ ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್ (ಕಣಿವೆಯ ದಕ್ಷಿಣದ ಅಂಚು) ಅಥವಾ ಮೇನ್ ರಾಜ್ಯದ ಅಕೇಡಿಯ. ಸೌತ್ ರಿಮ್‌ನಲ್ಲಿ ಕಣಿವೆಗೆ ಇಳಿಯದೆ ಅಂಚಿನುದ್ದಕ್ಕೂ ನಾಯಿಯ ಜೊತೆ ನಡೆಯಬಹುದು. ಅಲ್ಲಿನ ಟ್ರೇಲರ್ ವಿಲೇಜ್ ಕ್ಯಾಂಪ್‌ಗ್ರೌಂಡಿನಲ್ಲಿ ಆರ್‌ವಿಗೆ (ಮನೆಯಂತೆ ಉಳಿಯಬಹುದಾದ ವಾಹನಕ್ಕೆ) ನೀರು, ಕರೆಂಟು, ಒಳಚರಂಡಿ ಮೂರರ ಸಂಪರ್ಕವೂ ಉಂಟು. ಪಕ್ಕದ ಮ್ಯಾಥರ್ ಕ್ಯಾಂಪ್‌ಗ್ರೌಂಡಿನಲ್ಲಿ ಇವು ಇಲ್ಲ. ಎರಡರ ನಡುವೆ ಗೊಂದಲ ಬೇಡ. ಕಣಿವೆಗೆ ಇಳಿಯಲೇಬೇಕು ಅನ್ನುವವರು ಸೌತ್ ರಿಮ್‌ನ ಕೆನೆಲ್‌ನಲ್ಲಿ (ನಾಯಿಗಳನ್ನು ನೋಡಿಕೊಳ್ಳುವ ಜಾಗ) ನಾಯಿಯನ್ನು ಬಿಡಬಹುದು. ಲಸಿಕೆ ಪತ್ರ ಕೇಳುತ್ತಾರೆ, ಜಾಗವನ್ನು ಮುಂಚೆಯೇ ಹಿಡಿದಿಡಿ. ಅಕೇಡಿಯದಲ್ಲಿ ಸುಮಾರು 100 ಮೈಲಿ ಕಾಲುಹಾದಿ, 45 ಮೈಲಿ ಕ್ಯಾರೇಜ್ ರಸ್ತೆ (ಕುದುರೆಗಾಡಿಗೆಂದು ಮಾಡಿದ್ದು) ನಾಯಿಗೆ ಮುಕ್ತ. ಇದೆಲ್ಲ ಬೇಡವೆನಿಸಿದರೆ ನ್ಯಾಷನಲ್ ಫಾರೆಸ್ಟ್ ನೋಡಿ. ಹೆಸರು ದೊಡ್ಡದಲ್ಲ, ಆದರೆ ಅಲ್ಲಿನ ಹೆಚ್ಚಿನ ಹಾದಿಗಳಲ್ಲಿ ನಾಯಿಗೆ ತಡೆಯಿಲ್ಲ.

ಇನ್ನು ‘ಆರ್‌ವಿಯಲ್ಲಿ ಎಸಿ ಹಾಕಿ ಬಿಟ್ಟು ಹೋದರಾಯ್ತು’ ಎನ್ನುವ ಮಾತು. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲಿಗೆ, ನಾಯಿಯನ್ನು ಒಂಟಿಯಾಗಿ ಬಿಡಲು ಎಷ್ಟೋ ಕ್ಯಾಂಪ್‌ಗ್ರೌಂಡುಗಳು ಒಪ್ಪುವುದೇ ಇಲ್ಲ. ಒಪ್ಪಿದರೂ ಕರೆಂಟಿನ ಲೆಕ್ಕ ಹಾಕಿ. 30 ಆಂಪ್ ಸೈಟಿನಲ್ಲಿ ಸಿಗುವುದು 120 ವೋಲ್ಟ್‌ನಲ್ಲಿ 3,600 ವ್ಯಾಟ್. 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಎಸಿಯೊಂದೇ ಸುಮಾರು 14 ಆಂಪ್ ಎಳೆಯುತ್ತದೆ. ವಾಟರ್ ಹೀಟರ್ ಕರೆಂಟಿನ ಮೇಲಿದ್ದರೆ ಇನ್ನೊಂದು 12, ಫ್ರಿಜ್ಜಿಗೆ 3. ಆಗಲೇ 29 ಆಯಿತು. ಇದರ ಮೇಲೆ ಅನ್ನಕ್ಕಿಟ್ಟ ಇನ್‌ಸ್ಟಂಟ್ ಪಾಟ್ 8 ಆಂಪ್ ಕೇಳಿದರೆ ಬ್ರೇಕರ್ ಬೀಳದೆ ಇರುತ್ತದೆಯೇ? ನೀವು ಮೂರು ಮೈಲಿ ದೂರದಲ್ಲಿರುತ್ತೀರಿ, ಎಸಿ ನಿಂತಿದ್ದು ನಾಯಿಗೆ ಮಾತ್ರ ಗೊತ್ತು.

ಹಾಗಾಗಿ ಹೊರಡುವ ಮುನ್ನ ವಾಟರ್ ಹೀಟರ್ ಮತ್ತು ಫ್ರಿಜ್ಜನ್ನು ಗ್ಯಾಸಿಗೆ ತಿರುಗಿಸಿ, ಅಡುಗೆಯ ಪ್ಲಗ್ಗುಗಳನ್ನೆಲ್ಲ ಕೀಳಿ. ಆಮೇಲೆ ಒಂದು ಪರೀಕ್ಷೆ: ಸೈಟಿನ ಕರೆಂಟು ಕಂಬದ ಬ್ರೇಕರ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ. ಎಸಿ ತಾನಾಗಿ ಶುರುವಾಗುತ್ತದೆಯೋ ನೋಡಿ. ಕೆಲವು ಥರ್ಮೋಸ್ಟಾಟ್‌ಗಳು ಕರೆಂಟು ಹೋಗಿ ಬಂದರೆ ಸುಮ್ಮನೆ ಕೂರುತ್ತವೆ. ಅಂಥದ್ದಿದ್ದರೆ ನಾಯಿಯನ್ನು ಒಳಗೆ ಬಿಡುವ ಯೋಚನೆಯನ್ನೇ ಬಿಡಿ. ಹಳೆಯ ಪಾರ್ಕುಗಳಲ್ಲಿ ಬಿಸಿಲಿನ ಮಧ್ಯಾಹ್ನ ಎಲ್ಲರ ಎಸಿಯೂ ಓಡಿ ವೋಲ್ಟೇಜ್ 105ರ ಆಸುಪಾಸಿಗೆ ಇಳಿಯುವುದುಂಟು. ಆಗ ನಿಮ್ಮ ವೋಲ್ಟೇಜ್ ರಕ್ಷಕ ಸಾಧನವೇ ಕರೆಂಟು ಕತ್ತರಿಸುತ್ತದೆ. ಮೊಬೈಲ್ ಸಿಮ್ ಇರುವ ಉಷ್ಣಾಂಶದ ಸೆನ್ಸರ್ ಇಡುವುದು ಒಳ್ಳೆಯದೇ, ಆದರೆ ಕಣಿವೆಯೊಳಗೆ ನಿಮ್ಮ ಫೋನಿಗೇ ಸಿಗ್ನಲ್ ಇಲ್ಲದಿದ್ದರೆ ಅದು ಯಾರಿಗೆ ಹೇಳೀತು? (30 ಆಂಪ್ ಆರ್‌ವಿಯನ್ನು 50ರ ಸಾಕೆಟ್ಟಿಗೆ ಜೋಡಿಸುವ ಅಡಾಪ್ಟರಿಗೆ ‘ಡಾಗ್‌ಬೋನ್’ ಎಂದೇ ಹೆಸರು. ಅದರಿಂದ ಒಳಗೆ ಹೆಚ್ಚು ಕರೆಂಟೇನೂ ಬರುವುದಿಲ್ಲ, ಆರ್‌ವಿಯ ಮುಖ್ಯ ಬ್ರೇಕರ್ 30ರದ್ದೇ.)

ಸಂಪರ್ಕವೇ ಇಲ್ಲದ ಕಡೆ ಜನರೇಟರ್ ನಂಬಿ ಕೂರಬೇಡಿ. ಯೊಸೆಮಿಟಿಯಲ್ಲಿ ಅದನ್ನು ಓಡಿಸಲು ಬಿಡುವುದು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7ರವರೆಗೆ ಮಾತ್ರ. ಬಿಸಿಲೇರುವ 2ರಿಂದ 5 ಗಂಟೆಯೇ ಅದರಲ್ಲಿಲ್ಲ. ಕಾರಿನಲ್ಲಿ ಬಿಡುವುದಂತೂ ಬೇಡವೇ ಬೇಡ: ಹೊರಗೆ 21 ಡಿಗ್ರಿ ಸೆಲ್ಸಿಯಸ್ ಇದ್ದರೂ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಗೆ 40 ಮುಟ್ಟುತ್ತದೆ. ಸುಲಭದ ಪರಿಹಾರ ಪಾಳಿ. ಬೇಸಿಗೆಯಲ್ಲಿ ಊರಿಂದ ಅಜ್ಜಿ ತಾತ ಬಂದಿದ್ದರೆ ಅವರಿಗೆ ದಿನವಿಡೀ ನಡೆಯುವುದು ಹೇಗೂ ಬೇಡ. ಕ್ಯಾಂಪ್‌ಗ್ರೌಂಡಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ನೋಡುವಂಥದ್ದು ಇದ್ದರೆ ಅರ್ಧ ದಿನ ಒಬ್ಬರು, ಉಳಿದರ್ಧ ಇನ್ನೊಬ್ಬರು.

ಸೈಟ್ ಆರಿಸುವಾಗ ನಕ್ಷೆಯಲ್ಲಿ ಶೌಚಾಲಯ, ಆಟದ ಮೈದಾನ, ಡಂಪ್ ಸ್ಟೇಷನ್‌ನಿಂದ (ಆರ್‌ವಿಯ ಕೊಳಚೆ ಖಾಲಿ ಮಾಡುವ ಜಾಗ) ದೂರದ ತುದಿ ನೋಡಿ. ಹೋಗುವವರು ಬರುವವರು ಕಂಡಷ್ಟೂ ನಾಯಿ ಬೊಗಳುತ್ತದೆ, ಬೊಗಳಿದಷ್ಟೂ ದೂರು ಬರುತ್ತದೆ. ಮಧ್ಯಾಹ್ನದ ನೆರಳು ಬೇಕೆಂದರೆ ಸೈಟಿನ ಪಶ್ಚಿಮಕ್ಕೆ ಮರವಿರಬೇಕು. ಖಾಸಗಿ ಪಾರ್ಕಾದರೆ ಫೋನ್ ಮಾಡಿ ನಾಯಿಯ ತಳಿ ಹೇಳಿ, ಎಷ್ಟು ನಾಯಿಗಳವರೆಗೆ ಬಿಡುತ್ತಾರೆಂದು ಕೇಳಿ. ಪಿಟ್‌ಬುಲ್, ರಾಟ್‌ವೈಲರ್, ಡಾಬರ್‌ಮನ್‌ಗಳನ್ನು ಸೇರಿಸದ ಕಡೆಗಳಿವೆ. ಆರ್‌ವಿ ಬಾಡಿಗೆಯವರಿಗೂ ನಾಯಿಯ ವಿಷಯ ಮೊದಲೇ ತಿಳಿಸಿ, ಇಲ್ಲದಿದ್ದರೆ ಸೀಟಿನ ಮೇಲಿನ ಕೂದಲು ತೆಗೆಸುವ ಖರ್ಚು ನಿಮ್ಮ ಡೆಪಾಸಿಟ್ಟಿನಿಂದ ಹೋಗುತ್ತದೆ.

ಕರಡಿಯಿರುವ ಕಡೆ ನಾಯಿಯ ಊಟವೂ ಊಟವೇ. ತಿಂದು ಮುಗಿದ ತಕ್ಷಣ ಬಟ್ಟಲನ್ನು ಒಳಗಿಡಬೇಕು, ನೆಕ್ಕಿ ಖಾಲಿಯಾಗಿದ್ದರೂ ಸರಿ. ನಮ್ಮ ಊಟದಲ್ಲಿ ಮಿಕ್ಕಿದ್ದನ್ನು ಹಾಕುವ ರೂಢಿ ಇಲ್ಲಿ ಬೇಡ: ಈರುಳ್ಳಿ ಹುಳಿ, ಒಣದ್ರಾಕ್ಷಿಯ ಕೇಸರಿಬಾತ್ ಎರಡೂ ನಾಯಿಗೆ ವಿಷ, ಪಶುವೈದ್ಯರಿರುವ ಊರು ಒಂದು ಗಂಟೆ ದೂರವಿದ್ದರಂತೂ ಕಷ್ಟ.

ರೇಬೀಸ್ ಲಸಿಕೆಯ ಪತ್ರ ಕಾಗದದಲ್ಲೇ ಇರಲಿ. ಕೆನಡಾದ ಬ್ಯಾನ್ಫ್ ಕಡೆಗೆ ಗಡಿ ದಾಟುವವರು ವಾಪಸಾತಿಯ ನಿಯಮವನ್ನೂ ನೋಡಿಕೊಳ್ಳಿ: 2024ರ ಆಗಸ್ಟ್ 1ರಿಂದ ಅಮೆರಿಕದೊಳಗೆ ಬರುವ ನಾಯಿಗೆ ಕನಿಷ್ಠ 6 ತಿಂಗಳಾಗಿರಬೇಕು, ಮೈಕ್ರೋಚಿಪ್ ಇರಬೇಕು, ಸಿಡಿಸಿಯ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಫಾರ್ಮ್ ತುಂಬಿದ ರಸೀದಿ ಕೈಯಲ್ಲಿರಬೇಕು. ನಾಲ್ಕು ತಿಂಗಳ ಮರಿಯನ್ನು ಕರೆದುಕೊಂಡು ಕೆನಡಾ ಸುತ್ತಿ ಬರುವ ಯೋಜನೆಯಿದ್ದರೆ ಅದನ್ನು ಮುಂದಿನ ಬೇಸಿಗೆಗೆ ಹಾಕಿ.