ಬ್ರೋಕರ್ ಬೇಕು, ಆದರೆ ಕಾಗದ ಪತ್ರ ನೀವೇ ನೋಡಿ

ಬೆಂಗಳೂರಿನಲ್ಲಿ ಮನೆ ತಗೊಳ್ಳೋಕೆ ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಬ್ರೋಕರ್ ಬೇಕಾ, ಸುಮ್ನೆ ಯಾಕೆ ಕಮಿಷನ್ ಕೊಡಬೇಕು? 80 ಲಕ್ಷದ ಮನೆಗೆ 2 ಪರ್ಸೆಂಟ್ ಅಂದರೆ 1.6 ಲಕ್ಷ, ಸಣ್ಣ ದುಡ್ಡಲ್ಲ. ಆದರೂ ನಾನು ಬೇಕು ಅಂತಲೇ ಹೇಳುತ್ತೇನೆ. ಅವರ ಕೆಲಸ ಎಲ್ಲಿಗೆ ಮುಗಿಯುತ್ತದೆ ಅನ್ನೋದು ಮಾತ್ರ ನಮಗೆ ಗೊತ್ತಿರಬೇಕು.

ನಮಗೆ ಸಿಕ್ಕ ಬ್ರೋಕರ್ ನಾವು ಮನೆ ಹುಡುಕುತ್ತಿದ್ದ ಬಡಾವಣೆಯಲ್ಲೇ ಹುಟ್ಟಿ ಬೆಳೆದವರು. ಒಂದು ಮನೆ ನಮಗೆ ತುಂಬಾ ಹಿಡಿಸಿತ್ತು, ರೇಟೂ ಪರವಾಗಿಲ್ಲ. ನೋಡಿ ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ನಿಂತು ಮೆಲ್ಲಗೆ ಹೇಳಿದರು, "ಮೇಡಂ, ಇದು ಇವರ ತಂದೆ ಕಾಲದ ಆಸ್ತಿ. ಇವರಿಗೆ ಇಬ್ಬರು ಅಕ್ಕಂದಿರಿದ್ದಾರೆ, ಒಬ್ಬರು ಹಾಸನದಲ್ಲಿದ್ದಾರೆ. ಅವರ ಸಹಿ ಬರುತ್ತೆ ಅಂತ ಗ್ಯಾರಂಟಿ ಆಗೋವರೆಗೂ ಅಡ್ವಾನ್ಸ್ ಕೊಡಬೇಡಿ." ಈ ಮಾತು ಯಾವ ಆ್ಯಪ್‌ನಲ್ಲೂ ಸಿಗಲ್ಲ. ಇಸಿಯಲ್ಲೂ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲೂ, ಸಿಗಲ್ಲ! ಎಷ್ಟೋ ಜನ ಇಸಿ ಕ್ಲಿಯರ್ ಇದೆ ಅಂದ ತಕ್ಷಣ ನಿರಾಳ ಆಗಿಬಿಡುತ್ತಾರೆ, ಆದರೆ ಇಸಿಯಲ್ಲಿ ಬರೋದು ನೋಂದಣಿಯಾದ ಪತ್ರಗಳು ಮಾತ್ರ. ಮನೆಯೊಳಗಿನ ಪಾಲಿನ ಜಗಳ, ನೋಂದಣಿಯಾಗದ ಕರಾರು ಅದರಲ್ಲಿ ಕಾಣಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ ಮನೆ ಮುಂದೆ ಕೋರ್ಟು ಹತ್ತಿದರೆ ಅಲೆಯಬೇಕಾದವರು ತಗೊಂಡವರೇ. ಆ ಒಂದು ಮಾತಿಗೇ ಅವರ ಕಮಿಷನ್ ಸಲ್ಲುತ್ತದೆ ಅಂತ ನನಗೆ ಈಗಲೂ ಅನಿಸುತ್ತದೆ.

ಎಲ್ಲರೂ ಹಾಗಿರಲ್ಲ. ಇನ್ನೊಬ್ಬರು ಮನೆ ತೋರಿಸಿದ ಅರ್ಧ ಗಂಟೆಗೇ ಟೋಕನ್ ಕೊಟ್ಟುಬಿಡಿ, ಸಂಜೆ ಬೇರೆ ಪಾರ್ಟಿ ಬರ್ತಿದೆ ಅಂತ ಶುರು ಮಾಡಿದರು. ಮೂಲಪತ್ರ ಕೇಳಿದರೆ ವಾಟ್ಸ್ಆ್ಯಪ್‌ನಲ್ಲಿ ಮಸುಕು ಮಸುಕಾದ ಫೋಟೋ ಬಂತು. ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ ಕೇಳಿದರೆ, ಈಗ ಬಿ ಖಾತಾ (ನಿಯಮ ಪೂರ್ತಿ ಪಾಲಿಸದ ಆಸ್ತಿಯದ್ದು) ಇದೆ, ಎ ಖಾತಾ (ಎಲ್ಲಾ ಸರಿಯಿರುವ ಆಸ್ತಿಯದ್ದು) ಮಾಡಿಸಿಕೊಡೋಣ ಬಿಡಿ ಅಂದರು. ಕೊನೆಗೆ ಲಾಯರ್ ಕೂಡ ನಾವೇ ಕೊಡ್ತೀವಿ ಅಂದರು. ಇದಕ್ಕಂತೂ ಒಪ್ಪಲೇಬೇಡಿ. ವ್ಯಾಪಾರ ಕುದುರಿದರೆ ಮಾತ್ರ ಬ್ರೋಕರ್‌ಗೆ ದುಡ್ಡು, ಅವರು ಕರೆತಂದ ಲಾಯರ್‌ಗೂ ಆ ಕಡೆಗೇ ಒಲವು ಇರುತ್ತೆ ಅಲ್ವಾ? ನಿಮ್ಮ ಲಾಯರ್ ನಿಮ್ಮವರೇ ಆಗಿರಲಿ, ಅಸಲು ಪತ್ರಗಳನ್ನು ಕಣ್ಣಾರೆ ನೋಡಲಿ. 30 ವರ್ಷದ ಇಸಿಯನ್ನು ನೀವೇ ತೆಗೆಸಿ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ರಿಜಿಸ್ಟ್ರೇಷನ್ ಆಗಲ್ಲ, ಹಾಗಾಗಿ ಇ-ಖಾತಾ ಆಮೇಲೆ ಮಾಡಿಸೋಣ ಅನ್ನೋ ಮಾತಿಗೆ ಅರ್ಥವೇ ಇಲ್ಲ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಬಗ್ಗೆಯೂ ಒಂದು ಗೊಂದಲ ಇದೆ. 2016ರ ಕಾಯ್ದೆ ಪ್ರಕಾರ ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಫ್ಲಾಟು, ಸೈಟು ಮಾರಿಸುವ ಏಜೆಂಟ್ ಕೂಡ ರೇರಾದಲ್ಲಿ ನೋಂದಣಿ ಮಾಡಿಸಿರಬೇಕು. ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಆದರೆ ನಿಮ್ಮ ಬೀದಿಯ ಹಳೇ ಮನೆ ಕೈ ಬದಲಾಯಿಸುವಾಗ ಈ ನಿಯಮ ನಿಮ್ಮ ನೆರವಿಗೆ ಬರಲ್ಲ. ಅಲ್ಲಿ ಆ ಮನುಷ್ಯನ ಬಗ್ಗೆ ನಾಲ್ಕು ಜನರನ್ನು ವಿಚಾರಿಸೋದೇ ದಾರಿ. ಅವರ ಮೂಲಕ ಹೋದ ವರ್ಷ ಮನೆ ತಗೊಂಡವರ ಫೋನ್ ನಂಬರ್ ಕೇಳಿ. ಸರಿಯಾದವರಾದರೆ ಖುಷಿಯಾಗಿ ಕೊಡುತ್ತಾರೆ.

ಮಾರುವವರಿಗೂ ಒಂದು ಮಾತು. ಜಾಸ್ತಿ ರೇಟು ಕೊಡಿಸ್ತೀನಿ ಅಂದವರ ಹಿಂದೆ ಹೋಗಬೇಡಿ. ಅದೇ ಬೀದಿಯಲ್ಲಿ ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಅಂತ ಹೇಳಬಲ್ಲವರನ್ನು ಹಿಡಿಯಿರಿ.

ಕಮಿಷನ್ ಮಾತು ಮೊದಲ ಮನೆ ನೋಡುವ ಮುಂಚೆಯೇ ಆಗಲಿ. ಎಷ್ಟು ಪರ್ಸೆಂಟ್, ಯಾವಾಗ ಕೊಡೋದು, ಮಾರುವವರ ಕಡೆಯಿಂದಲೂ ತಗೊಳ್ತಾರಾ, ಎಲ್ಲಾ ಮೆಸೇಜಿನಲ್ಲಿ ಬರೆದಿಟ್ಟುಕೊಳ್ಳಿ. ಎರಡೂ ಕಡೆ ತಗೊಳ್ಳೋದು ಇಲ್ಲಿ ಮಾಮೂಲು. ಹಾಗಾಗಿ ರೇಟು ಇಳಿಸೋಕೆ ಅವರೊಬ್ಬರನ್ನೇ ನಂಬಬೇಡಿ, ಓನರ್ ಜೊತೆ ನೀವೂ ಎದುರುಬದುರು ಕೂತು ಮಾತಾಡಿ. ಬ್ರೋಕರ್ ಕೊಡುವ ಖರ್ಚಿನ ಲೆಕ್ಕವನ್ನೂ ಒಮ್ಮೆ ನೋಡಿ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್‌ಗೆ ಏರಿದೆ. ನಾವು ಕರಾರಿನ ದಿನ ಕಮಿಷನ್‌ನ ಅರ್ಧ ಕೊಟ್ಟೆವು, ಉಳಿದರ್ಧ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ ಕೈಗೆ ಬಂದ ಮೇಲೆ. ಅವರೂ ಬೇಜಾರು ಮಾಡಿಕೊಳ್ಳಲಿಲ್ಲ.